ಛೆಟ್ರಿ ಹಣೆ ಮೇಲೆ ಬೆಣ್ಣೆ

ಪೆನ್ಸಿಲ್ಲಲ್ಲಿ ಫುಟ್‌ಬಾಲ್ ಪ್ಲೇಯರ್ ಮುಖ ಬಿಡಿಸ್ಬೇಕು ಅನ್ನೋ ಆಸೆ ಇರೋರು ರೊನಾಲ್ಡಿನೊನ ಬಿಡಿಸಿ, ನೇಮಾರ್‌ನ ಬಿಡಿಸಿ. ಹಲ್ಲೋ ಹೇರ್‌ಸ್ಟೈಲೋ ಬಂದ್ಬಿಟ್ರೆ ಸಾಕು, ಯಾರು ಅಂತ ಕೇಳೋರೇ ಇರಲ್ಲ. ನಮ್ಮ ಇಂಡಿಯಾದ ಸುನಿಲ್ ಛೆಟ್ರಿ ತಂಟೆಗೆ ಮಾತ್ರ ಹೋಗ್ಬೇಡಿ. ಆ ಮನುಷ್ಯ ನೀಟಾಗಿ ಕಟಿಂಗ್ ಮಾಡಿಸ್ಕೊಂಡು ಒಳ್ಳೆ ಬ್ಯಾಂಕ್ ಮ್ಯಾನೇಜರ್ ಥರ ಇರ್ತಾರೆ, ಅರ್ಧ ನೂಲು ಆಚೀಚೆ ಆದ್ರೂ ಛೆಟ್ರಿ ಹೋಗಿ ಇನ್ಯಾರೋ ಬಂದು ಕೂತಿರ್ತಾರೆ.

ಆದ್ರೂ ನಾನು ಅವರನ್ನೇ ಹಿಡಿದಿದ್ದು. 2023ರಲ್ಲಿ ಸ್ಯಾಫ್ ಅಂತ ದಕ್ಷಿಣ ಏಷ್ಯಾ ದೇಶಗಳ ಫುಟ್‌ಬಾಲ್ ಟೂರ್ನಮೆಂಟಲ್ಲಿ ಬೆಂಗಳೂರಿನ ಕಂಠೀರವದಲ್ಲಿ ಪಾಕಿಸ್ತಾನದ ಮೇಲೆ ಹ್ಯಾಟ್ರಿಕ್ ಹೊಡೆದಾಗ ಮಳೇಲಿ ನೆಂದ್ಕೊಂಡು ಗಂಟ್ಲು ಹರ್ಕೊಂಡೋನು ನಾನು, ಮರುವರ್ಷ ಜೂನ್ 6ಕ್ಕೆ ಕೋಲ್ಕತ್ತದಲ್ಲಿ ಕುವೈತ್ ಜೊತೆ ಕೊನೇ ಮ್ಯಾಚು, ಅದೂ 0-0, ಮುಗಿಸಿ ಕಣ್ಣೀರು ಒರೆಸ್ಕೊಂಡು ಹೋದ್ರಲ್ಲ, ಆಗ್ಲೇ ಪೆನ್ಸಿಲ್ ಚೂಪ್ ಮಾಡಿದ್ದು. ಚಿಕ್ಕಪ್ಪಂಗೆ ಇದು ಒಂಚೂರೂ ಹಿಡಿಸ್ಲಿಲ್ಲ. "ಅಲ್ಲಲೇ, ನಮ್ಮೂರೋನೇ ವಿನಯ್ ಕುಮಾರ್ ಅದಾನೆ, ದಾವಣಗೆರೆ ಎಕ್ಸ್‌ಪ್ರೆಸ್ಸು, ಅವನ್ನ ಬಿಟ್ಟು ಇದ್ಯಾರ್ನ ಬರಕಂತ ಕುಂತೀಯ?" ನಮ್ಮೂರಲ್ಲಿ ಬಾಲ್ ಅಂದ್ರೆ ಕ್ರಿಕೆಟ್ ಬಾಲೇ, ವಾದ ಮಾಡಿ ಉಪಯೋಗ ಇಲ್ಲ.

ಕಾರ್ಟ್ರಿಜ್ ಶೀಟ್ ಮೇಲೆ ಚೌಕ ಚೌಕ ಗೆರೆ ಎಳ್ಕೊಂಡು ಎಚ್‌ಬಿ ಪೆನ್ಸಿಲ್ಲಲ್ಲಿ ತೆಳ್ಳಗೆ ಔಟ್‌ಲೈನ್ ಹಾಕ್ದೆ. ಕಣ್ಣು ಬರೋದು ತಲೆಯ ಸರಿ ಅರ್ಧಕ್ಕೆ. ನಂಬಿಕೆ ಬರಲ್ಲ, ಸ್ಕೇಲ್ ಇಟ್ಟು ನೋಡ್ಕೊಳ್ಳಿ, ಎಲ್ಲರೂ ಹಣೆನ ಕಡೆಗಣಿಸಿ ಕಣ್ಣನ್ನ ಅಟ್ಟದ ಮೇಲೆ ಇಟ್ಟಿರ್ತಾರೆ. ಎರಡು ಕಣ್ಣಿನ ಮಧ್ಯ ಇನ್ನೊಂದು ಕಣ್ಣು ಹಿಡಿಸೋಷ್ಟು ಜಾಗ ಬಿಡ್ಬೇಕು. ಮುಖದ ಗುಟ್ಟೆಲ್ಲ ಇರೋದು ಈ ಖಾಲಿ ಜಾಗಗಳಲ್ಲೇ ಅಂತ ನನ್ನ ಅಭಿಪ್ರಾಯ. ಕೂದಲಿಗೆ ಕಡುಕಪ್ಪು 6ಬಿ ಪೆನ್ಸಿಲ್, ಕೆನ್ನೆ ನೆರಳಿಗೆ ಅದಕ್ಕಿಂತ ತೆಳು 2ಬಿ, ಅಂಗೈ ಕೆಳಗೆ ಒಂದು ಬಿಳಿ ಹಾಳೆ, ಉಸಿರು ಬಿಗಿ ಹಿಡ್ಕೊಂಡು ಬಿಡಿಸಿದ್ದಕ್ಕೆ ಕೊನೆಗೂ ಛೆಟ್ರಿ ಬಂದ್ರು. ನಿಜವಾಗ್ಲೂ ಬಂದ್ರು.

ಅವತ್ತು ಭಾನುವಾರ. ಚಿಕ್ಕಪ್ಪ ಬೆಣ್ಣೆದೋಸೆ ಪಾರ್ಸಲ್ ತಂದು, ಎಲೆ ಬಿಚ್ಚಿ, ಎರಡು ದೋಸೆ ಒಳಗೆ ಇಳಿಸಿ, ಆಮೇಲೆ ಕಲಾಪ್ರೇಮ ಉಕ್ಕಿ ಬಂದು "ಎಲ್ಲಿ ನೋಡಾನ" ಅಂತ ಶೀಟ್ ಎತ್ತಿದ್ರು. ಬಲಗೈಲಿ.

ಹೆಬ್ಬೆಟ್ಟು ಸರಿಯಾಗಿ ಹಣೆ ಮಧ್ಯಕ್ಕೇ ಬಿತ್ತು. ಹೋಟೆಲ್ ಬೆಣ್ಣೆ ಅಲ್ವಾ, ನೋಡ್ತಾ ನೋಡ್ತಾ ಪೇಪರ್ ಒಳಗೆ ಇಳಿದು, ಶೀಟ್‌ನ ಕಿಟಕಿಗೆ ಹಿಡಿದ್ರೆ ಆ ಜಾಗ ಮಾತ್ರ ಗಾಜಾಗಿ, ಹೆಬ್ಬೆಟ್ಟಿನ ಸುರುಳಿ ಗೆರೆ ಸಮೇತ ಕಾಣ್ಸೋದು, ಸ್ಟೇಷನ್ನಿಗೆ ಕೊಟ್ಟಿದ್ರೆ ಚಿಕ್ಕಪ್ಪ ಒಳಗೆ. ಜಿಡ್ಡಿನ ಮೇಲೆ ಪೆನ್ಸಿಲ್ ಹತ್ತಲ್ಲ ಸ್ವಾಮಿ, ಸುಮ್ನೆ ಜಾರತ್ತೆ, ಒತ್ತಿದ್ರೆ ಪೇಪರ್ ನೂಲೇಳತ್ತೆ. ರಬ್ಬರ್ ಹಾಕಿದ್ರೆ ಇನ್ನೂ ಅಗಲ ಆಗತ್ತೆ. ಅಮ್ಮ ಓಡಿ ಬಂದು "ತಡಿ, ಪೌಡರ್ ಹಾಕಿದ್ರೆ ಎಳ್ಕಂತತಿ" ಅಂತ ಮುಖಕ್ಕೆ ಹಚ್ಚೋ ಪೌಡರ್‌ನ ಛೆಟ್ರಿಗೆ ಧಾರಾಳವಾಗಿ ಹಚ್ಚಿ, ರಾತ್ರಿಯಿಡೀ ಬಿಟ್ಟು, ಬೆಳಗ್ಗೆ ನಾನು "ಒರೆಸ್ಬೇಡಮ್ಮ, ಊದು" ಅನ್ನೋಷ್ಟರಲ್ಲಿ ಸೆರಗಲ್ಲಿ ಒಂದು ಸಲ ನೀಟಾಗಿ ಒರೆಸಿದ್ರು. ಜಿಡ್ಡು ಅರ್ಧ ಹೋಯ್ತು, ಎಡಗೆನ್ನೆ ಪೂರ್ತಿ ಹೋಯ್ತು.

ಕೆನ್ನೆ ಮತ್ತೆ ಕಟ್ಟಿದೆ. ಹಣೆ ಮಾತ್ರ ಹಂಗೇ ಮಿಂಚ್ತಾ ಉಳೀತು, ಮನೆಗೆ ಬಂದೋರೆಲ್ಲ ಹೊಗಳೋದು ಅದನ್ನೇ. ಪಕ್ಕದ್ಮನೆ ಆಂಟಿ "ಇದ್ಯಾರು, ನಿಮ್ ಸೋದರಮಾವನಾ? ಯಾರಾದ್ರೂ ಇರ್ಲಿ, ಬೆವ್ರು ಮಾತ್ರ ಏನ್ ತೆಗ್ದೀಯಪ್ಪಾ!" ಅಂದ್ರು. ಚಿಕ್ಕಪ್ಪ ಮೀಸೆ ತಿರುವ್ಕೊಂಡು ಕೂತಿದ್ರು.

ಫ್ರೇಮ್ ಹಾಕ್ಸೋಕೆ ಮಂಡಿಪೇಟೆ ಕಡೆ ಒಂದು ಅಂಗಡಿಗೆ ಕೊಟ್ಟೆ. ಇಂಡಿಯಾಗೆ ಆಡಿದ ವರ್ಷ ಅಂತ ಚಿತ್ರದ ಕೆಳಗೆ ಚಂದ ಮಾಡಿ 2005–2024 ಬರೆದಿದ್ದೆ. ಅಂಗಡಿಯವರು ಕನ್ನಡಕ ಏರಿಸ್ಕೊಂಡು ಓದಿ, "ಅಯ್ಯೋ ಶಿವನೇ, ಬರೀ ಹತ್ತೊಂಬತ್ತಕ್ಕೇ ಹೋಗ್ಬಿಟ್ಟನಾ, ಮುಖ ನೋಡಿದ್ರೆ ವಯಸ್ಸಾದಂಗೆ ಕಾಣ್ತಾನೆ" ಅಂತ ಲೊಚಗುಟ್ಟಿದ್ರು. ಅಲ್ಲ ಅಣ್ಣ, ಇಂಡಿಯಾ ಟೀಮಿಂದ ರಿಟೈರ್ಡು ಅಂತ ಹೇಳ್ದೆ, ತಲೆ ಅಲ್ಲಾಡಿಸಿದ್ರು, ಆದ್ರೆ ಫ್ರೇಮ್ ತಗೊಳ್ಳೋಕೆ ಹೋದಾಗ ಎರಡು ಮೂಲೇಲೂ ಹಾರ ಹಾಕೋಕೆ ಕೊಕ್ಕೆ ಇತ್ತು. "ಅದಕ್ಕೆ ದುಡ್ಡು ಬ್ಯಾಡ ಬಿಡ್ರಿ" ಅಂದ್ರು, ಮೆಲ್ಲಗೆ.

ಹಾಲಲ್ಲಿ ಹಾಕಿದ್ದೆ. ಬಂದೋರು ಒಂದು ಕ್ಷಣ ಚಪ್ಪಲಿ ಬಿಟ್ಟಲ್ಲೇ ಗಂಭೀರವಾಗಿ ನಿಲ್ಲೋರು.

ಆಮೇಲೆ ನೋಡಿ, 2025ರ ಮಾರ್ಚಲ್ಲಿ ಛೆಟ್ರಿ ರಿಟೈರ್‌ಮೆಂಟ್ ವಾಪಸ್ ತಗೊಂಡು ಶಿಲ್ಲಾಂಗಲ್ಲಿ ಮಾಲ್ಡೀವ್ಸ್ ಮೇಲೆ ಆಡಿ ತಲೇಲಿ ಗೋಲೂ ಹೊಡೆದ್ರು, ಮ್ಯಾಚು 3-0. ನಾನು ಸೋಫಾ ಮೇಲೆ ಹಾರಿ ಕುಣಿದು, ಇಳೀತಾ ಗೋಡೆ ಕಡೆ ನೋಡ್ದೆ. 2024 ಹಂಗೆ ಬಿಡೋಕಾಗತ್ತಾ? ಫ್ರೇಮ್ ಕಂಕುಳಲ್ಲಿ ಇಟ್ಕೊಂಡು ಅದೇ ಅಂಗಡಿಗೆ ಹೋಗಿ, "ಅಣ್ಣ, ಇದನ್ನ ಬಿಚ್ಚಿ ಕೊಡಿ, 2024 ಅಳಿಸ್ಬೇಕು, ಅವ್ರು ವಾಪಸ್ ಬಂದಿದಾರೆ" ಅಂದೆ.

ಅಂಗಡಿಯವರು ಫ್ರೇಮ್ ನೋಡಿದ್ರು, ನನ್ನ ನೋಡಿದ್ರು, ಮತ್ತೆ ಆ ಮಿಂಚೋ ಹಣೆ ನೋಡಿದ್ರು. ಒಳಗಿಂದ ಹುಡುಗ "ಯಾರಣ್ಣ ವಾಪಸ್ ಬಂದಿರಾದು?" ಅಂತ ಇಣುಕಿದ.

"ಸುಮ್ನಿರಲೇ, ಕಟಿಂಗ್ ಪ್ಲೇಯರ್ ತಗಂಬಾ" ಅಂದ್ರು.