ಬೆಳೆಗೂ ಬೇಕೇ ಪರಿಸರದ ಅಂಕಪಟ್ಟಿ?

ಪರ: ಅಳೆಯದೆ ಇಳಿಸುವುದು ಹೇಗೆ?
ಮಡಗಾಂವ್‌ನ ವಿಜ್ಞಾನ ಶಿಕ್ಷಕಿ

ಬೆಳೆ ಬೆಳೆಯುವಾಗ ಪರಿಸರಕ್ಕೆ ಎಷ್ಟು ಹಾನಿ ಆಗುತ್ತದೆ ಎಂದು ಅಳೆದು ಅದಕ್ಕೆ ಅಂಕ ಕೊಡಬೇಕೇ ಎಂಬುದು ಪ್ರಶ್ನೆ. ನನಗೆ ಪರವಾಗಿ ಬರೆಯಲು ಹೇಳಿದ್ದಾರೆ. ಪ್ರತಿ ಪೊಟ್ಟಣದ ಮೇಲೂ ಅಂಕ ಅಚ್ಚು ಹಾಕಬೇಕೇ ಎಂದರೆ ನನಗೂ ಅನುಮಾನ ಇದೆ. ಆದರೆ ಅಳತೆ ಬೇಕು, ಅದರಲ್ಲಿ ಅನುಮಾನ ಇಲ್ಲ.

ಗೋವಾದಲ್ಲಿ ನಾವು ತಿನ್ನುವ ತರಕಾರಿಯಲ್ಲಿ ಜಾಸ್ತಿ ಪಾಲು ಬೆಳಗಾವಿ ಕಡೆಯಿಂದ ಘಟ್ಟ ಇಳಿದು ಬರುತ್ತದೆ. ಲಾರಿಯ ಹೊಗೆ ನೋಡಿದರೆ ಇದೇ ದೊಡ್ಡ ತಪ್ಪು ಅನ್ನಿಸುತ್ತದೆ, ಅಲ್ವಾ? ಅಳೆದು ನೋಡಿದವರು ಬೇರೆಯೇ ಹೇಳುತ್ತಾರೆ. ಸಂಶೋಧಕರಾದ ಜೋಸೆಫ್ ಪೂರ್ ಮತ್ತು ಥಾಮಸ್ ನೆಮೆಸೆಕ್ 119 ದೇಶಗಳ ಸುಮಾರು 38,700 ಹೊಲಗಳ ಲೆಕ್ಕ ಒಟ್ಟುಮಾಡಿ 2018ರಲ್ಲಿ ಪ್ರಕಟಿಸಿದರು. ಮನುಷ್ಯರ ಚಟುವಟಿಕೆಯಿಂದ ಹೊರಬೀಳುವ, ಭೂಮಿಯನ್ನು ಬಿಸಿ ಮಾಡುವ ಹಸಿರುಮನೆ ಅನಿಲದಲ್ಲಿ ಸುಮಾರು ಶೇ. 26 ಆಹಾರದ್ದು. ಆಹಾರದ ಆ ಪಾಲಿನಲ್ಲಿ ಸಾಗಾಟದ್ದು ಬರೀ ಶೇ. 6ರಷ್ಟು. ಹೆಚ್ಚಿನದು ಹೊಲ, ಗದ್ದೆ, ಕೊಟ್ಟಿಗೆಯಿಂದ ಮತ್ತು ಕಾಡು ಕಡಿದ ನೆಲದಿಂದ. ಅಳೆಯದೆ ಇದ್ದಿದ್ದರೆ ಸುಮ್ನೆ ಲಾರಿಯನ್ನೇ ಬೈಯುತ್ತಾ ಕೂರುತ್ತಿದ್ದೆವು.

ಭತ್ತವನ್ನೇ ನೋಡಿ. ಗದ್ದೆಯಲ್ಲಿ ನೀರು ಸದಾ ನಿಂತರೆ ಮಣ್ಣಿಗೆ ಗಾಳಿ ಸಿಗುವುದಿಲ್ಲ. ಆಗ ಅಲ್ಲಿನ ಸೂಕ್ಷ್ಮಜೀವಿಗಳು ಮೀಥೇನ್ ಎಂಬ ಹಸಿರುಮನೆ ಅನಿಲ ಬಿಡುತ್ತವೆ. ಫಿಲಿಪ್ಪೀನ್ಸ್‌ನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದಕ್ಕೊಂದು ಸರಳ ಉಪಾಯ ಹೇಳಿಕೊಟ್ಟಿದೆ. ಗದ್ದೆಯಲ್ಲಿ ತೂತು ಕೊರೆದ ಪೈಪು ನೆಡಬೇಕು. ಅದರೊಳಗೆ ನೋಡಿ, ನೀರು ನೆಲದಿಂದ 15 ಸೆಂ.ಮೀ. ಕೆಳಗಿಳಿದ ಮೇಲಷ್ಟೇ ಮತ್ತೆ ಹಾಯಿಸಬೇಕು. ಮೀಥೇನ್ ಶೇ. 30ರಿಂದ 50ರವರೆಗೆ ಇಳಿಯುತ್ತದೆ, ನೀರೂ ಉಳಿಯುತ್ತದೆ. ಆ ಪೈಪು ಅಳತೆಯ ಸಾಧನ ಅಲ್ಲದೆ ಇನ್ನೇನು? ಅಳೆದದ್ದರಿಂದಲೇ ಇಳಿಯಿತು.

ಖರ್ಚು ಯಾರದ್ದು ಎಂದು ಕೇಳುತ್ತಾರೆ. ಅದನ್ನು ಸರ್ಕಾರ ನೋಡಿಕೊಳ್ಳಲಿ. ಮೊದಲು ಅಳೆಯೋಣ.

ವಿರೋಧ: ಅಂಕ ಕೊಡುತ್ತೀರಿ, ದುಡ್ಡು ಕೊಡುತ್ತೀರಾ?
ಮಾಪ್ಸಾದ ತರಕಾರಿ ವ್ಯಾಪಾರಿ

ಅಕ್ಕೋರ ಬರಹ ಓದಿದೆ. ರೈತನ ಕೊರಳಿಗೊಂದು ಮೀಟರ್ ಕಟ್ಟಿಬಿಟ್ಟರೆ ಭೂಮಿ ತಣ್ಣಗಾಗುತ್ತದೆ ಅನ್ನುವ ಹಾಗಿದೆ. ಖರ್ಚಿನ ಮಾತಿಗೆ ಒಂದೇ ಸಾಲು. ನನಗೆ ಅದೇ ಇಡೀ ಪ್ರಶ್ನೆ.

ನಮ್ಮಣ್ಣ ಬೆಳಗಾವಿ ಹತ್ತಿರ ತರಕಾರಿ ಬೆಳೆಯುತ್ತಾನೆ. ಕೆಲವು ವರ್ಷಗಳ ಹಿಂದೆ ಯೂರಿಯಾ ಬಿಟ್ಟ, ಔಷಧಿ ಹೊಡೆಯುವುದನ್ನೂ ಬಿಟ್ಟ. ಸೆಗಣಿ ಗೊಬ್ಬರ, ಜೀವಾಮೃತ, ಅಷ್ಟೇ. ಸಾವಯವ ಪ್ರಮಾಣಪತ್ರ ಮಾಡಿಸಿಕೊಳ್ಳಿ, ಒಳ್ಳೆ ರೇಟು ಸಿಗುತ್ತದೆ ಎಂದು ಒಂದು ಸಂಸ್ಥೆಯವರು ಬಂದರು. ಯಾವ ದಿನ ಎಷ್ಟು ಗೊಬ್ಬರ ಹಾಕಿದಿರಿ, ಬೀಜ ಎಲ್ಲಿಂದ ತಂದಿರಿ, ರಸೀದಿ ಎಲ್ಲಿ, ಎಲ್ಲ ರಿಜಿಸ್ಟರ್‌ನಲ್ಲಿ ಬರೆಯಬೇಕು. ಹಗಲು ಹೊಲದಲ್ಲಿ ದುಡಿದು ಬಂದ ವೈನಿ ರಾತ್ರಿ ಕೂತು ಬರೆದರು. ಅಣ್ಣ ಫೀಸು ಕಟ್ಟಿದ. ಕಾಗದ ಬಂತು. ಮನೆಯಲ್ಲಿ ಎಲ್ಲರಿಗೂ ಖುಷಿ.

ಮಾರ್ಕೆಟ್‌ನಲ್ಲಿ ಆ ಕಾಗದವನ್ನು ಯಾರೂ ಕೇಳಲಿಲ್ಲ. ಅವನ ಬೀನ್ಸ್, ಪಕ್ಕದ ಹೊಲದ ಬೀನ್ಸ್ ಒಂದೇ ರಾಶಿಗೆ ಬಿತ್ತು. ರೇಟೂ ಒಂದೇ. ಮುಂದಿನ ಫೀಸು ಕಟ್ಟಲು ಅವನಿಗೆ ಆಗಲಿಲ್ಲ. ಈಗ ಹೊಲ ಅದೇ, ಗೊಬ್ಬರ ಅದೇ, ಆದರೆ ಕಾಗದದ ಪ್ರಕಾರ ಅಣ್ಣ ಸಾವಯವ ರೈತ ಅಲ್ಲ! ಅಳತೆ ಅಂದರೆ ನಮ್ಮ ಮನೆಯಲ್ಲಿ ಇದು.

ಅಂಕ ಹಾಕುವುದಾದರೂ ಹೇಗೆ? ಮೇವು ಅರಗುವಾಗ ಎಮ್ಮೆಯೂ ಮೀಥೇನ್ ಬಿಡುತ್ತದೆ. ನಮ್ಮ ಎಮ್ಮೆ ಕಡಿಮೆ ಹಾಲು ಕೊಡುತ್ತದೆ, ಹಾಗಾಗಿ ಲೀಟರ್ ಲೆಕ್ಕದಲ್ಲಿ ಮೀಥೇನ್ ಜಾಸ್ತಿ ಬರುತ್ತದೆ. ಅದು ತಿನ್ನುವುದು ಜೋಳದ ಕಣಿಕೆ. ಅದರ ಸೆಗಣಿ ಹೊಲಕ್ಕೆ. ಇದು ಯಾವ ಕಾಲಮ್ಮಿಗೆ ಹೋಗುತ್ತದೆ? ಗೋವಾದಲ್ಲಿ ಉಪ್ಪುನೀರಿಗೆ ಒಡ್ಡು ಕಟ್ಟಿ ಮಾಡಿದ ಖಾಜನ್ ಗದ್ದೆಯಲ್ಲಿ ಮಳೆಗಾಲಕ್ಕೆ ಉಪ್ಪು ತಾಳುವ ಕೊರ್ಗುಟ್ ಭತ್ತ, ಆಮೇಲೆ ಅದೇ ನೆಲದಲ್ಲಿ ಮೀನು, ಸಿಗಡಿ. ಮಣ್ಣಿನ ಉಪ್ಪು ತೊಳೆಯಬೇಕಾದರೆ ಮಳೆನೀರು ನಿಲ್ಲಲೇಬೇಕು. ಅಲ್ಲಿ ಪೈಪು ನೆಟ್ಟು ಏನು ಮಾಡುವುದು?

ಮೇಲಿಂದ ಹೇರಿದರೆ ಏನಾಗುತ್ತದೆ ಎಂದು ಶ್ರೀಲಂಕಾ ತೋರಿಸಿದೆ. 2021ರ ಮೇ ತಿಂಗಳಲ್ಲಿ ರಾಸಾಯನಿಕ ಗೊಬ್ಬರದ ಆಮದು ನಿಲ್ಲಿಸಿದರು. ಭತ್ತ, ಚಹಾ ಎರಡರ ಇಳುವರಿಯೂ ಬಿತ್ತು. ನವೆಂಬರ್‌ನಲ್ಲಿ ಆದೇಶ ಹಿಂದೆ ತೆಗೆದುಕೊಂಡರು. ಡೆನ್ಮಾರ್ಕ್ 2030ರಿಂದ ದನ, ಹಂದಿಗಳು ಬಿಡುವ ಅನಿಲಕ್ಕೆ ತೆರಿಗೆ ಹಾಕಲು ನಿರ್ಧರಿಸಿದೆ. ಇವತ್ತು ಅಂಕ ಅನ್ನುತ್ತಾರೆ, ನಾಳೆ ತೆರಿಗೆ ಬರುತ್ತದೆ.

ಒಳ್ಳೆ ಅಂಕದ ಬೀನ್ಸ್‌ಗೆ ಕಿಲೋಗೆ ಎಷ್ಟು ಜಾಸ್ತಿ ಕೊಡುತ್ತೀರಿ, ಅದನ್ನು ಬರೆದುಕೊಡಿ. ಆ ದಿನವೇ ನಾನೇ ಅಣ್ಣನಿಗೆ ಫೋನ್ ಮಾಡಿ ಮತ್ತೆ ರಿಜಿಸ್ಟರ್ ಬರೆಯಲು ಹೇಳುತ್ತೇನೆ.