ಸಾಕ್ಸಿನಲ್ಲಿ ಸುತ್ತಿ ತಂದ ದ್ವೀಪ

ಭಾನುವಾರ ಸಂಜೆ ಧಾರವಾಡಕ್ಕೆ ಹೋಗಿದ್ದೆ. ಸಾಧನಕೇರಿ ಹತ್ತಿರ ನಮ್ಮ ಕಾಕಾನ ಮಗನ ಮನೆ. ಹೆಂಡತಿ, ಮಗನನ್ನು ಕರೆದುಕೊಂಡು ಲಕ್ಷದ್ವೀಪ ನೋಡಿ ಬಂದಿದ್ದಾನೆ. ಗಿರ್ಮಿಟ್, ಮಿರ್ಚಿ, ಮೇಲೆ ಚಹಾ. ಆಮೇಲೆ ಟಿವಿಗೆ ಮೊಬೈಲ್ ಜೋಡಿಸಿ ಫೋಟೊ ತೋರಿಸಲು ಶುರು ಮಾಡಿದ. ಎಷ್ಟು ಫೋಟೊ ಅಂತ ಕೇಳಬೇಡಿ. ಎರಡನೇ ಚಹಾ ಬಂದರೂ ಹಡಗು ಇನ್ನೂ ಕೊಚ್ಚಿ ಬಿಟ್ಟಿರಲಿಲ್ಲ.

ಅದಕ್ಕೆ ಸಿಟ್ಟಿಲ್ಲ. ಯಾರು ತೋರಿಸಲ್ಲ ಹೇಳಿ. ನಾನೂ ಲಕ್ಷದ್ವೀಪದ ಮಿನಿಕಾಯ್ ದ್ವೀಪ ನೋಡಿ ಬಂದವಳೇ, ಆ ಕತೆ ನಿಮಗೆಲ್ಲ ಬಾಯಿಪಾಠ ಆಗಿದೆ, ಪಾಪ ನೀವೂ ಸಹಿಸಿಕೊಂಡಿದ್ದೀರಿ. ಸಿಟ್ಟು ಬಂದದ್ದು ಶೋಕೇಸ್ ನೋಡಿ. ಮಗನ ಕ್ರಿಕೆಟ್ ಕಪ್ಪು ಮತ್ತು ಖಾಲಿ ಫೇಡೆ ಡಬ್ಬಿಯ ನಡುವೆ ಒಂದು ಬಿಳಿ ಕಲ್ಲು. ಅಂಗೈ ಅಗಲ. ತುಂಬ ಸಣ್ಣ ಸಣ್ಣ ತೂತು. ಹವಳದ ತುಂಡು.

"ಇದನ್ನ ಎಲ್ಲಿಂದ ತಂದೀ?"

"ಅಲ್ಲಿಂದನ ಅಕ್ಕಾ. ತರಾಕ ಬಿಡಂಗಿಲ್ಲ ಅಂದ್ರು. ಬ್ಯಾಗಿನ ತಳದಾಗ, ಸಾಕ್ಸ್ ಒಳಗ ಸುತ್ತಿ ತಂದೀನಿ."

ಹೆಮ್ಮೆಯಿಂದ ಹೇಳಿದ! ಸಾಕ್ಸ್ ಒಳಗಂತೆ. ತಪ್ಪು ಅಂತ ಗೊತ್ತಿಲ್ಲದೆ ತಂದಿದ್ದರೆ ಅಕ್ಕೋರ ಹಾಗೆ ಒಂದು ಪಾಠ ಹೇಳಿ ಸುಮ್ಮನಾಗುತ್ತಿದ್ದೆ. ಗೊತ್ತಿದ್ದೇ ಸಾಕ್ಸ್ ಹುಡುಕಿದ್ದಾನಲ್ಲ, ಅದು ನನಗೆ ತಡೆಯಲಿಲ್ಲ.

ನಾನೆಂದೆ, "ರಾಣೆಬೆನ್ನೂರಿಗೆ ಹೋಗಿ ಕೃಷ್ಣಮೃಗದ ಕೊಂಬು ತಂದು ಇಲ್ಲಿ ಇಡ್ತೀ ಏನು?" ಅವನು ಗಾಬರಿಯಾದ. "ಏ, ಕೇಸ್ ಆಗ್ತೈತಿ ಅಕ್ಕಾ!" ಆಗುತ್ತದೆ, ನಿಜ. ಆದರೆ 1972ರ ವನ್ಯಜೀವಿ ಕಾಯ್ದೆಯಲ್ಲಿ ಹುಲಿ, ಕೃಷ್ಣಮೃಗ ಇರುವ ಮೊದಲ ಪಟ್ಟಿಯಲ್ಲೇ ಸಮುದ್ರದೊಳಗೆ ದಿಬ್ಬ ಕಟ್ಟುವ ಹವಳವೂ ಇದೆ. ಕೊಂಬಿಗೆ ಹೆದರುವವರು ಹವಳಕ್ಕೆ ಯಾಕೆ ಹೆದರಲ್ಲ? ಕೊಂಬಿನ ಹಿಂದೆ ಓಡುವ ಪ್ರಾಣಿ ಕಾಣುತ್ತದೆ. ಹವಳ ಕಲ್ಲಿನ ಹಾಗೆ ಕೂತಿರುತ್ತದೆ, ಅಷ್ಟೇ.

ಅವನ ಹೆಂಡತಿಯದು ಬೇರೆಯೇ ಅನುಮಾನ. "ಅಕ್ಕಾರ, ಹವಳ ಅಂದ್ರ ಕೆಂಪಗಿರಬೇಕಲ್ರೀ? ಉಂಗುರದಾಗ ಹಾಕ್ತಾರಲ್ಲ?" ಕುಜ ದೋಷಕ್ಕೆ ಹಾಕುವ ಕೆಂಪು ಹವಳ ಬೇರೆ, ತಾಯೀ. ಅದಕ್ಕೆ ಹೆಸರಾದದ್ದು ದೂರದ ಮೆಡಿಟರೇನಿಯನ್ ಸಮುದ್ರ. ಲಕ್ಷದ್ವೀಪದ್ದು ದಿಬ್ಬ ಕಟ್ಟುವ ಹವಳ. ಒಂದೊಂದು ತೂತಿನಲ್ಲೂ ಒಂದು ಪುಟ್ಟ ಜೀವ ಕೂತಿರುತ್ತದೆ. ಬಾಯಿ ಇದೆ, ಬಾಯಿ ಸುತ್ತ ಬೆರಳಿನಂಥ ಎಳೆಗಳಿವೆ. ಅದರ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಇರುತ್ತದೆ. ಪಾಚಿ ಬಿಸಿಲಿನಲ್ಲಿ ಅಡುಗೆ ಮಾಡಿ ಮನೆ ಮಾಲಕರಿಗೂ ಬಡಿಸುತ್ತದೆ. ಹವಳಕ್ಕೆ ಬಹಳಷ್ಟು ಬಣ್ಣ ಕೊಡುವುದೂ ಈ ಬಾಡಿಗೆದಾರನೇ. ನೀರು ಜಾಸ್ತಿ ಬಿಸಿಯಾಗಿ, ಆ ಬಿಸಿ ಹಾಗೇ ನಿಂತರೆ ಹವಳ ಆ ಪಾಚಿಯನ್ನು ಹೊರಗೆ ಹಾಕಿಬಿಡುತ್ತದೆ. ಆಮೇಲೆ ಬೆಳ್ಳಗಾಗುತ್ತದೆ, ಉಪವಾಸ ಬೀಳುತ್ತದೆ. ನೀರು ಬೇಗ ತಣ್ಣಗಾಗದಿದ್ದರೆ ಸಾಯುತ್ತದೆ. 1998, 2010, 2016, 2024. ಇಷ್ಟು ಸಲ ಲಕ್ಷದ್ವೀಪದಲ್ಲಿ ಈ ಬಿಳಿ ಕಾಯಿಲೆ ಜೋರಾಗಿ ಬಂದುಹೋಗಿದೆ.

ಶೋಕೇಸಿನಲ್ಲಿ ಬಿಳಿ ಚಂದ ಕಾಣುತ್ತದೆ. ಗೋಡೆಗೂ ಮ್ಯಾಚಿಂಗ್ ಅಂತೆ.

ಈಗ ನನ್ನ ತಮ್ಮನ ವಾದ ಕೇಳಿ, ಅನ್ಯಾಯ ಆಗಬಾರದು. "ನಾ ಏನ್ ಮುರದು ತಂದೀನೇನು? ದಂಡಿ ಮ್ಯಾಲೆ ಬಿದ್ದಿತ್ತು, ಸತ್ತದ್ದು. ಒಂದು ತಂದ್ರ ಏನಾತು?" ಮೇಲುಮೇಲಕ್ಕೆ ಸರಿ ಅನಿಸುತ್ತದೆ, ಅಲ್ವಾ? ಆದರೆ ಆ ದಂಡೆ ಯಾವುದರಿಂದ ಆಗಿದೆ? ಅಲ್ಲಿ ನಮ್ಮ ಕಪ್ಪತಗುಡ್ಡದ ಹಾಗೆ ಬೆಟ್ಟ ಇಲ್ಲ, ಕಲ್ಲು ಹೊತ್ತು ತರುವ ಮಲಪ್ರಭೆ ಇಲ್ಲ. ಇಡೀ ದ್ವೀಪವೇ ಸತ್ತ ಹವಳ. ಗಿಳಿಮೀನು ಅಂತ ಇದೆ, ಗಿಳಿಯ ಹಾಗೆ ಕೊಕ್ಕು, ಹಸಿರು ನೀಲಿ ಮೈ. ಅದು ಹವಳವನ್ನು ಕರಕರ ಕೆರೆದು ತಿಂದು ಹಿಂದಿನಿಂದ ಮರಳು ಬಿಡುತ್ತದೆ. ನೀವು ಸೆಲ್ಫಿ ತೆಗೆದ ಆ ಬಿಳಿ ಮರಳಲ್ಲಿ ಮೀನಿನ ಹೊಟ್ಟೆಯಿಂದ ಬಂದದ್ದೂ ಸಾಕಷ್ಟಿದೆ. (ಇದನ್ನು ಹೇಳಿದಾಗ ತಮ್ಮನ ಹೆಂಡತಿ ಮಿರ್ಚಿ ತಟ್ಟೆ ದೂರ ಸರಿಸಿದಳು.) ಎಲ್ಲ ದ್ವೀಪ ಸೇರಿಸಿದರೂ ನೆಲ 32 ಚದರ ಕಿಲೋಮೀಟರ್. ನಮ್ಮ ರಾಣೆಬೆನ್ನೂರಿನ ಕೃಷ್ಣಮೃಗ ಕಾಡೇ ಅದರ ಮೂರು ಪಟ್ಟಿಗಿಂತ ದೊಡ್ಡದು. ಸಮುದ್ರದಿಂದ ಒಂದೆರಡು ಮೀಟರ್ ಎತ್ತರ, ಅಷ್ಟೇ. ಅಂಥ ನೆಲದಿಂದ ಒಬ್ಬೊಬ್ಬರು ಒಂದೊಂದು ಸಾಕ್ಸ್ ತುಂಬಿಕೊಂಡು ಬಂದರೆ?

"ಸಮುದ್ರ ಕಾಯಿಸೋರು ದೊಡ್ಡ ದೊಡ್ಡ ದೇಶದೋರು, ನನ್ನ ಸಾಕ್ಸ್ ಅಲ್ಲ" ಅಂತ ಇನ್ನೊಂದು ಬಾಣ ಬಿಟ್ಟ. ಇದಕ್ಕೆ ಚೂರು ತಡವರಿಸಿದೆ. ಯಾಕೆಂದರೆ ಆ ಕೋಣೆಯಲ್ಲಿ ಎಸಿ ಓಡುತ್ತಿತ್ತು, ನಾನೇ ಹಾಕಿಸಿದ್ದು. ಹೋಗಲಿ ಬಿಡಿ. ಮನೆಗೆ ಬೆಂಕಿ ಬಿದ್ದಾಗ ಚಮಚ ಕದ್ದವನೂ "ಬೆಂಕಿ ನಾ ಹಚ್ಚಿಲ್ಲ" ಅನ್ನಬಹುದು.

ಇನ್ನೊಂದು ಕೇಳಿದೆ. "ಮಿನಿಕಾಯ್‌ನಾಗ ಮಂದಿ ಯಾವ ಭಾಷಾ ಮಾತಾಡ್ತಾರ?" ಮೂವರೂ ಮುಖ ಮುಖ ನೋಡಿದರು. "ಮಲಯಾಳಂ ಇರಬೇಕು." ಇರಬೇಕಂತೆ! ಒಂದು ದಿನ ಪೂರ್ತಿ ಅಲ್ಲಿ ಓಡಾಡಿದ್ದಾರೆ. ಅಲ್ಲಿನವರದು ಮಹಲ್, ಮಾಲ್ಡೀವ್ಸ್‌ನ ದಿವೇಹಿಯ ಒಂದು ರೂಪ. ಥಾನಾ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆಯುತ್ತಾರೆ. ಉಳಿದ ದ್ವೀಪಗಳದು ಜೆಸೆರಿ, ಅದು ಮಲಯಾಳಂ ಕಡೆಯದು. ಹೊರಗಿನವರು ಬಂದು "ಓ ಧಾರವಾಡ! ಫೇಡೆ!" ಅಂದಾಗ ಮೈ ಉರಿಯುತ್ತದಲ್ಲ ನಮಗೆ? ಬೇಂದ್ರೆ ಇಲ್ಲ, ಮಲ್ಲಿಕಾರ್ಜುನ ಮನ್ಸೂರ ಇಲ್ಲ, ಬರೀ ಫೇಡೆ. ನಾವು ಅಲ್ಲಿ ಹೋಗಿ ಮಾಡಿದ್ದೂ ಅದೇ. ಬರೀ ನೀಲಿ ನೀರು.

ಆ ಫೋಟೊಗಳಲ್ಲಿ ದ್ವೀಪದ ಮನುಷ್ಯರೇ ಇರಲಿಲ್ಲ ನೋಡಿ. ಒಂದರಲ್ಲಿ ಎಳನೀರು ಕೊಟ್ಟವನ ಅರ್ಧ ಕೈ ಬಂದಿದೆ. ಅಲ್ಲಿ ಮನೆತನ ತಾಯಿಯ ಕಡೆಯಿಂದ ನಡೆಯುತ್ತದೆ. ಮಿನಿಕಾಯ್‌ನಲ್ಲಿ ಊರುಕೇರಿಗಳಿಗೆ ಅವರದೇ ಮುಖಂಡರು, ಅವರದೇ ಓಟದ ದೋಣಿ, ಜಹಾಧೋಣಿ ಅಂತ. ಹಬ್ಬಕ್ಕೆ ಅದನ್ನು ಸಿಂಗರಿಸುತ್ತಾರೆ. ಗಂಡಸರು ಲಾವಾ ಕುಣಿತ ಹಾಕುತ್ತಾರೆ. 1885ರ ದೀಪಸ್ತಂಭ ಹತ್ತಿದರೆ ಕೆಳಗೆ ಪೂರ್ತಿ ತೆಂಗು. ದೀಪಸ್ತಂಭದ ಫೋಟೊ ಇತ್ತು ಮಾತ್ರ, ಮುಂದೆ ತಮ್ಮನ ಕೂಲಿಂಗ್ ಗ್ಲಾಸ್.

ಮತ್ತೆ ಅವರ ಟ್ಯೂನಾ ಮೀನು ಹಿಡಿಯುವ ರೀತಿ. ಅದನ್ನು ನೋಡಿ ನನಗೆ ನಮ್ಮ ಕಡೆ ರಾಶಿ ಮಾಡುವ ದಿನ ನೆನಪಾಗಿತ್ತು, ಅದೇ ಗದ್ದಲ, ಅದೇ ಲಯ. ನಾನು ಮೀನು ತಿನ್ನುವವಳಲ್ಲ, ಆದರೆ ಕಣ್ಣಿಗೆ ಏನು ಮಡಿ? ಮೊದಲು ಹವಳದ ದಿಬ್ಬದ ಒಳಗಿನ ಶಾಂತ ನೀರಿನಲ್ಲಿ ಬೆರಳುದ್ದದ ಮೀನು ಹಿಡಿದು ದೋಣಿಯ ತೊಟ್ಟಿಯಲ್ಲಿ ಜೀವಂತ ಇಡುತ್ತಾರೆ. ಆಳ ಸಮುದ್ರಕ್ಕೆ ಹೋಗಿ ಅವನ್ನು ನೀರಿಗೆ ಎರಚುತ್ತಾರೆ. ಮೇಲಿಂದ ನೀರು ಚಿಮ್ಮಿಸುತ್ತಾರೆ, ಮಳೆ ಬಿದ್ದ ಹಾಗೆ. ಸಣ್ಣ ಮೀನಿನ ದೊಡ್ಡ ಹಿಂಡೇ ಇದೆ ಅಂತ ಟ್ಯೂನಾ ಮೇಲೆ ಬರುತ್ತದೆ. ದೋಣಿಯ ಹಿಂತುದಿಯಲ್ಲಿ ಗಂಡಸರು ಸಾಲಾಗಿ ನಿಂತು ಉದ್ದ ಕೋಲು, ಮುಳ್ಳಿಲ್ಲದ ಕೊಕ್ಕೆ ಹಿಡಿದು ಒಂದೊಂದೇ ಮೀನನ್ನು ಹಿಂದಕ್ಕೆ ಎಸೆಯುತ್ತಾರೆ. ಗುಡಿಸಿ ಬಳಿದು ತರುವ ದೊಡ್ಡ ಬಲೆ ಇಲ್ಲ. ಇಡೀ ಕಸುಬು ನಿಂತಿರುವುದು ಆ ಬೆರಳುದ್ದದ ಮೀನಿನ ಮೇಲೆ. ಆ ಮೀನು ನಿಂತಿರುವುದು ಹವಳದ ಮೇಲೆ. ಅದರ ಒಂದು ತುಂಡು ಈಗ ಧಾರವಾಡದಲ್ಲಿ, ಫೇಡೆ ಡಬ್ಬಿ ಪಕ್ಕ.

ದೂರದ ಊರು, ನಮಗೇನು ಅನ್ನಬೇಡಿ. ಅಮಿನಿ, ಕಡಮತ್, ಕಿಲ್ತಾನ್, ಚೆಟ್ಲತ್ ಕಡೆಯ ದ್ವೀಪಗಳು 1956ರವರೆಗೂ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅವರ ತೆಂಗಿನ ನಾರಿನ ಹಗ್ಗ ಮಂಗಳೂರಿಗೆ ಬರುತ್ತಿತ್ತು, ಮಂಗಳೂರಿನ ಅಕ್ಕಿ ದೋಣಿ ಹತ್ತಿ ಹೋಗುತ್ತಿತ್ತು. ನಾವು ಮುಂಬೈ ಕಡೆ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ನವೆಂಬರ್ 1ರಂದೇ ಅವರು ಕೇಂದ್ರಾಡಳಿತ ಪ್ರದೇಶವಾದರು. ನಾವು ರಾಜ್ಯೋತ್ಸವಕ್ಕೆ ಬಾವುಟ ಹಾರಿಸುವ ದಿನ ಅವರದೂ ಹುಟ್ಟುಹಬ್ಬ.

ಈಗ ನಿಮಗೆ ಇದುವರೆಗೆ ಹೇಳದ ಮಾತು. ಇಷ್ಟು ಕೂಗಾಡುವ ನಾನೇನು ಸಾಚಾ ಅಲ್ಲ. ಲಕ್ಷದ್ವೀಪದ್ದೇ ಇನ್ನೊಂದು ದ್ವೀಪ ಕಲ್ಪೇನಿಯಲ್ಲಿ ನೀರಿಗೆ ಇಳಿದಿದ್ದೆ. ಗದಗಿನ ಹುಡುಗಿ, ಭೀಷ್ಮ ಕೆರೆಯನ್ನೂ ದಂಡೆಯಿಂದಲೇ ನೋಡಿದವಳು. ಎದೆಮಟ್ಟದ ನೀರಿನಲ್ಲಿ ಮಾಸ್ಕ್ ಒಳಗೆ ಉಪ್ಪುನೀರು ನುಗ್ಗಿತು. ಗಾಬರಿಯಲ್ಲಿ ಕಾಲು ಊರಿದೆ. ಕಾಲ ಕೆಳಗೆ ಹಪ್ಪಳ ಮುರಿದ ಹಾಗಾಯಿತು. ಕವಲು ಕವಲಾಗಿ ಬೆಳೆದ ಹವಳ. ನನ್ನ ಜೊತೆ ಇದ್ದ ದ್ವೀಪದ ಹುಡುಗ ಬೈಯಲಿಲ್ಲ. ನನ್ನ ಕೈ ಹಿಡಿದು ಮರಳಿರುವ ಜಾಗಕ್ಕೆ ಕರೆತಂದು ನಿಲ್ಲಿಸಿದ. ಆಮೇಲೆ ತಿರುಗಿ ಹೋಗಿ ಮುರಿದ ಜಾಗವನ್ನು ನೋಡಿ ಬಂದ. ಬೈದಿದ್ದರೆ ಚೆನ್ನಾಗಿತ್ತು. ಮಿನಿಕಾಯ್ ಕತೆ ಇಷ್ಟು ಸಲ ಹೇಳಿದ್ದೇನಲ್ಲ, ಕಲ್ಪೇನಿ ಕತೆ ಯಾಕೆ ಹೇಳಿಲ್ಲ ಅಂತ ಈಗ ಗೊತ್ತಾಯಿತೇ?

ಇರಲಿ. ತಮ್ಮ ಮುಖ ಊದಿಸಿಕೊಂಡು ಕೂತ. ಅವನ ಹೆಂಡತಿ ಟಿವಿ ಬಂದ್ ಮಾಡಿದಳು. ಐದನೇ ಕ್ಲಾಸಿನ ಮಗ ಮಾತ್ರ ಶೋಕೇಸ್ ತೆಗೆದು ಆ ಕಲ್ಲು ಹಿಡಿದುಕೊಂಡು ಬಂದ. "ಅತ್ತಿ, ಬಾಯಿ ಎಲ್ಲೈತಿ?" ನನ್ನ ಪರ್ಸಿನಲ್ಲಿ ಪೇಪರ್ ಓದುವ ಭೂತಗನ್ನಡಿ ಇತ್ತು, ಕೊಟ್ಟೆ. ಒಂದೊಂದು ತೂತೂ ಒಂದೊಂದು ಮನೆ ಅಂದೆ. ಎಷ್ಟು ಮನೆ ಅಂತ ಕೇಳಿದ. ನೀನೇ ಎಣಿಸು ಅಂದೆ.

ಕೊನೆಯ ಬಸ್ಸು ಹಿಡಿದು ಹುಬ್ಬಳ್ಳಿಗೆ ಬಂದೆ. ನವನಗರ ದಾಟುವಾಗ ಅವನ ಅಪ್ಪನ ಮೊಬೈಲಿನಿಂದ ವಾಯ್ಸ್ ಮೆಸೇಜ್ ಬಂತು. "ಅತ್ತಿ, ನಾನೂರಾ ಹನ್ನೊಂದು ಆತು. ಇನ್ನೊಂದು ಮಗ್ಗಲು ಬಾಕಿ ಐತಿ. ಅವ್ವ ಮಲ್ಕೋ ಅನ್ನಾಕತ್ತಾಳ."