ಬೇಸಿಗೆಯಲ್ಲಿ ಮನೆಯ ಹೂಗಿಡಕ್ಕೆ ಔಷಧಿ ಹೊಡೆಯಬೇಕೆ?

ಪರ: ಹೊಡೆಯಲೇಬೇಕು, ಅಳತೆ ಮಾಡಿ ಹೊಡೆಯಬೇಕು

ದಾವಣಗೆರೆಯ ಏಪ್ರಿಲ್ ಬಿಸಿಲು ಗೊತ್ತಿರುವವರಿಗೆ ನಾನು ಜಾಸ್ತಿ ವಿವರಿಸಬೇಕಿಲ್ಲ. ಹೊತ್ತೇರಿತು ಅಂದರೆ ತಾರಸಿಯ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಅಂಥದರಲ್ಲೂ ನನ್ನ ಕುಂಡಗಳಲ್ಲಿ ದಾಸವಾಳ ಅರಳುತ್ತದೆ, ಕಾಗದದ ಹೂ ತುಂಬಿಕೊಳ್ಳುತ್ತದೆ, ಅಡೇನಿಯಂ ಬಿಡುತ್ತದೆ. ಬಂದವರೆಲ್ಲ ಏನು ಗೊಬ್ಬರ ಹಾಕುತ್ತೀರಿ ಅಂತ ಕೇಳುತ್ತಾರೆ. ಗೊಬ್ಬರ ಎಲ್ಲರೂ ಹಾಕುತ್ತಾರೆ. ನಾನು ಔಷಧಿಯನ್ನೂ ಹೊಡೆಯುತ್ತೇನೆ. ಹಾಗಂದ ಕೂಡಲೇ ಕೆಲವರ ಮುಖ ಸಣ್ಣಗಾಗುತ್ತದೆ. ಇವರೇ ಮನೆಯಲ್ಲಿ ಜಿರಳೆ ಕಂಡರೆ ಡಬ್ಬಿ ಖಾಲಿಯಾಗುವವರೆಗೂ ಸ್ಪ್ರೇ ಮಾಡುವವರು.

ಬೇಸಿಗೆ ಹೂವಿಗಷ್ಟೇ ಕಾಲವಲ್ಲ, ಹುಳಕ್ಕೂ ಕಾಲ. ಶೆಕೆ ಏರಿದಷ್ಟೂ ಅವುಗಳ ಸಂಸಾರ ಬೇಗ ದೊಡ್ಡದಾಗುತ್ತದೆ. ಮಳೆಗಾಲದಲ್ಲಿ ಜೋರು ಮಳೆಯೇ ಎಷ್ಟೋ ಹುಳಗಳನ್ನು ತೊಳೆದು ಹಾಕುತ್ತದೆ. ಮಾರ್ಚಿನಿಂದ ಮೇ ತನಕ ಆ ಸಹಾಯ ಇಲ್ಲ. ಥ್ರಿಪ್ಸ್, ಮೈಟ್ ನುಸಿ, ಹಿಟ್ಟು ತಿಗಣೆ, ಎಲ್ಲಕ್ಕೂ ಇದೇ ಹಬ್ಬ.

ನನ್ನ ಜಗಳವೆಲ್ಲ ಹಿಟ್ಟು ತಿಗಣೆಯ ಜೊತೆಗೆ. ಮೊದಲು ದಾಸವಾಳದ ಚಿಗುರಿನ ಸಂದಿಯಲ್ಲಿ ಹತ್ತಿಯ ಚೂರು ಅಂಟಿದ ಹಾಗೆ ಕಾಣುತ್ತದೆ. ನೋಡಿದವರು ಧೂಳು ಅಂದುಕೊಂಡು ಸುಮ್ನಾಗುತ್ತಾರೆ. ಅದು ಕೂತು ರಸ ಹೀರುತ್ತದೆ, ಸಿಹಿ ಅಂಟು ಬಿಡುತ್ತದೆ. ಆ ಸಿಹಿಗೆ ಇರುವೆ ಬರುತ್ತದೆ. ಇರುವೆ ತಿಂದು ಹೋಗುವ ಜಾತಿಯಲ್ಲ. ತಿಗಣೆಯನ್ನು ತಿನ್ನಲು ಬಂದ ಹುಳಗಳನ್ನು ಓಡಿಸುತ್ತದೆ, ಮರಿಗಳನ್ನು ಇನ್ನೊಂದು ಕೊಂಬೆಗೆ ಸಾಗಿಸುತ್ತದೆ. ಅಂಟಿನ ಮೇಲೆ ಕಪ್ಪು ಬೂಸ್ಟು ಕಟ್ಟುತ್ತದೆ. ಚಿಗುರು ಮುದುಡಿ ಗಂಟಾಗುತ್ತದೆ. ಮೊಗ್ಗು ಅರಳುವ ಮೊದಲೇ ಉದುರುತ್ತದೆ. ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ. ಈ ಬಿಸಿಲಿಗೆ ಸುಮಾರು ಒಂದು ತಿಂಗಳಲ್ಲಿ ಆ ಮರಿಗಳೂ ಮೊಟ್ಟೆ ಇಡಲು ಶುರು ಮಾಡುತ್ತವೆ. ಲೆಕ್ಕ ನೀವೇ ಹಾಕಿ.

ಇದಕ್ಕೆ ನಮ್ಮ ಸಾವಯವ ಗೆಳೆಯರ ಪರಿಹಾರ ಏನು? ಹುಳಿ ಮಜ್ಜಿಗೆ ಹೊಡೆಯಿರಿ. ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ರುಬ್ಬಿ ಹೊಡೆಯಿರಿ. ಬೂದಿ ಎರಚಿರಿ. ಗಿಡದ ಜೊತೆ ಪ್ರೀತಿಯಿಂದ ಮಾತಾಡಿ ಅಂತ ಹೇಳಿದವರೂ ಇದ್ದಾರೆ! ಮಾತಾಡೋಣ, ಬೇಡ ಅಂದವರ್ಯಾರು? ತಿಗಣೆಗೆ ಕನ್ನಡ ಬರುತ್ತಾ?

ಬೇವಿನೆಣ್ಣೆಗೆ ನನ್ನ ವಿರೋಧ ಇಲ್ಲ. ಲೀಟರು ನೀರಿಗೆ 5 ಎಂ.ಎಲ್., ಬೆರೆಯಲು ಸ್ವಲ್ಪ ಸೋಪು, ಅದೂ ಸಂಜೆ. ಮರಿ ಹುಳಕ್ಕೆ ಕೆಲಸ ಮಾಡುತ್ತದೆ. ಆದರೆ ಬಲಿತ ತಿಗಣೆಯ ಮೈಮೇಲಿರುವುದು ಹಿಟ್ಟಲ್ಲ, ಮೇಣ. ನೀರಿನ ಹನಿ ಅದರ ಮೇಲೆ ನಿಲ್ಲದೆ ಜಾರಿ ಹೋಗುತ್ತದೆ. ಸಂದಿಯಲ್ಲಿ, ಕುಂಡದ ಅಂಚಿನ ಕೆಳಗೆ, ಬೇರಿನ ಬುಡದಲ್ಲಿ ಅಡಗಿದ್ದನ್ನು ಎಣ್ಣೆ ಮುಟ್ಟುವುದೇ ಇಲ್ಲ. ಇಮಿಡಾಕ್ಲೋಪ್ರಿಡ್ ತರಹದ ಔಷಧಿ ಗಿಡದ ರಸದೊಳಗೇ ಸೇರುತ್ತದೆ. ತಿಗಣೆ ಎಲ್ಲಿ ಬೇಕಾದರೂ ಅಡಗಿಕೊಳ್ಳಲಿ, ಹಸಿವಾದಾಗ ರಸ ಹೀರಲೇಬೇಕಲ್ಲ.

ಇನ್ನು ಕೆಲವರು ಪೈಪು ಹಿಡಿದು ಜೋರಾಗಿ ನೀರು ಬಿಟ್ಟು ತೊಳೆಯಿರಿ ಅನ್ನುತ್ತಾರೆ. ಯಾವ ನೀರು? ನಮ್ಮ ಬಡಾವಣೆಗೆ ಬೇಸಿಗೆಯಲ್ಲಿ ನೀರು ಬರುವುದನ್ನೇ ಕಾಯಬೇಕು. ಬೆಂಗಳೂರಿನಲ್ಲಿ 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ತೋಟಕ್ಕೆ ಬಿಟ್ಟರೆ 5,000 ರೂಪಾಯಿ ದಂಡ ಅಂತ ಆದೇಶ ಮಾಡಿತ್ತು, ನೆನಪಿದೆಯಾ? ಪಾತ್ರೆ ತೊಳೆದ ನೀರನ್ನು ಗಿಡಕ್ಕೆ ಹಾಕುವ ನಾನು ಹುಳ ತೊಳೆಯಲು ಎಲ್ಲಿಂದ ನೀರು ತರಲಿ? ಒಂದು ಲೀಟರು ದ್ರಾವಣದಲ್ಲಿ ನನ್ನ ಅರ್ಧ ತಾರಸಿ ಮುಗಿಯುತ್ತದೆ.

ಪಕ್ಕದ ಮನೆಯವರ ವಿಷಯ ಹೇಳಲೇಬೇಕು. ಒಳ್ಳೆಯ ಜನ. ಅವರ ಮನೆಯ ಸಾರು ನಮ್ಮ ಮನೆಗೆ, ನಮ್ಮ ಚಟ್ನಿಪುಡಿ ಅವರ ಮನೆಗೆ. ಅವರ ಕಾಂಪೌಂಡಿಗೆ ಒರಗಿಕೊಂಡು ಎರಡಾಳೆತ್ತರದ ಕೆಂಪು ದಾಸವಾಳ ಇತ್ತು. ಆ ಮನೆಯ ಹಿರಿಯರು ನೆಟ್ಟದ್ದು. ಕಾಂಪೌಂಡಿನ ಈಚೆಗೆ ಬಾಗಿದ ಕೊಂಬೆಯ ಹೂವೆಲ್ಲ ನಮ್ಮ ದೇವರಿಗೆ ಅಂತ ಮೊದಲಿನಿಂದಲೂ ಒಪ್ಪಂದ. ಒಂದು ಬೇಸಿಗೆಯಲ್ಲಿ ಯುಗಾದಿ ಮುಗಿದ ಮೇಲೆ ಅದಕ್ಕೆ ತಿಗಣೆ ಹತ್ತಿತು. ನಾನು ಹೇಳಿದೆ, "ಈಗಲೇ ಒಂದು ಸಲ ಹೊಡೆದುಬಿಡಿ, ನಾನೇ ಬಂದು ಹೊಡೆದುಕೊಡುತ್ತೇನೆ." ಅವರ ಮಗ ಮೊಬೈಲಿನಲ್ಲಿ ಏನೇನೋ ನೋಡುತ್ತಾನೆ. ವಿಷ ಬೇಡ ಅಂದ. ಮಜ್ಜಿಗೆ ಹೊಡೆದ. ಗಿಡವೆಲ್ಲ ಹುಳಿ ವಾಸನೆ. ಆಮೇಲೆ ಬಟ್ಟೆ ಒಗೆಯುವ ಪುಡಿ ಕಲಸಿ ಮಟಮಟ ಮಧ್ಯಾಹ್ನ ಹೊಡೆದ. ಎಲೆಯ ಅಂಚೆಲ್ಲ ಸುಟ್ಟಿತು. ತಿಗಣೆಗೆ ಏನೂ ಆಗಲಿಲ್ಲ. ಅಷ್ಟರಲ್ಲಿ ಇರುವೆಗಳು ಕಾಂಪೌಂಡು ದಾಟಿ ನಮ್ಮ ಪೈಪು ಹತ್ತಿ ತಾರಸಿಗೆ ಬಂದವು. ನನ್ನ ಹಳದಿ ದಾಸವಾಳಕ್ಕೂ ಬಿಳಿ ಚುಕ್ಕೆ ಬಂತು. ನಾನು ಅವತ್ತೇ ಸಂಜೆ ಹೊಡೆದೆ, ಉಳಿಯಿತು. ಅವರ ಗಿಡವನ್ನು ಮೇ ಕೊನೆಗೆ ಬುಡಸಮೇತ ಕಡಿಸಿದರು. ಕಡಿದ ಕೊಂಬೆಗಳನ್ನು ಖಾಲಿ ಸೈಟಿನಲ್ಲಿ ಎಸೆದರು. ಅಲ್ಲಿಂದ ಓಣಿಯ ಉಳಿದ ಮನೆಗಳಿಗೆ ತಿಗಣೆ ಹೋಯಿತು. ಈಗ ಹೇಳಿ, ಪರಿಸರಕ್ಕೆ ಯಾರು ಹೆಚ್ಚು ಹಾನಿ ಮಾಡಿದರು? ಆ ಗಿಡಕ್ಕೆ ಸೂರಕ್ಕಿ ಬರುತ್ತಿತ್ತು. ಗಿಡವೇ ಇಲ್ಲದ ಮೇಲೆ ಸೂರಕ್ಕಿ ಎಲ್ಲಿಗೆ ಬರಬೇಕು?

ಜೇನಿನ ಮಾತು ಬಂದೇ ಬರುತ್ತದೆ ಅಂತ ಗೊತ್ತು. ನಾನು ಹೊಡೆಯುವುದು ಸೂರ್ಯ ಮುಳುಗುವ ಹೊತ್ತಿಗೆ. ಆಗ ಜೇನು ಗೂಡಿಗೆ ಹೋಗಿರುತ್ತದೆ. ಮುಗಿಯಿತಲ್ಲ?

ಸಹಜವಾದದ್ದೆಲ್ಲ ಒಳ್ಳೆಯದು ಅನ್ನುವ ವಾದ ನನಗೆ ಅರ್ಥವೇ ಆಗುವುದಿಲ್ಲ. ತಂಬಾಕಿನ ಕಷಾಯ ಕುದಿಸಿ ಹೊಡೆದರೆ ಸಾವಯವ. ಅದರಲ್ಲಿರುವ ನಿಕೋಟಿನ್ ಮನುಷ್ಯರಿಗೂ ಗಟ್ಟಿ ವಿಷ. ಇಮಿಡಾಕ್ಲೋಪ್ರಿಡ್ ಹುಳದ ನರದ ಮೇಲೆ ಕೆಲಸ ಮಾಡುವುದೂ ನಿಕೋಟಿನ್ನಿನ ದಾರಿಯಲ್ಲೇ. ಆದರೂ ಇದನ್ನು ಹೊಡೆದವರು ಪಾಪಿಗಳು, ಕಷಾಯ ಕುದಿಸಿದವರು ಪುಣ್ಯವಂತರು. ಕಷಾಯದಲ್ಲಿ ನಿಕೋಟಿನ್ ಎಷ್ಟಿದೆ ಅಂತ ಯಾರು ಅಳೆದಿದ್ದಾರೆ? ನನ್ನ ಬಾಟಲಿಯ ಮೇಲೆ ಬರೆದಿದೆ, 17.8 ಪರ್ಸೆಂಟ್ ಅಂತ. ಲೀಟರಿಗೆ ಅರ್ಧ ಎಂ.ಎಲ್. ಕೂಡ ಬೇಡ. ನಾನು ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆಯುತ್ತೇನೆ.

ಅಳತೆಯೇ ಎಲ್ಲ. ಮುಚ್ಚಳದಲ್ಲಿ ಅಂದಾಜಿಗೆ ಸುರಿಯುವವರು ಹೊಡೆಯದಿರುವುದೇ ವಾಸಿ. ಅಂಗಡಿಯವನು ಕೊಟ್ಟದ್ದನ್ನು ಕಣ್ಣುಮುಚ್ಚಿ ತರಬೇಡಿ. ಡಬ್ಬಿಯ ಮೇಲಿನ ಬಣ್ಣ ನೋಡಿ: ಕೆಂಪು ತೀರಾ ಘೋರ, ಆಮೇಲೆ ಹಳದಿ, ನೀಲಿ, ಹಸಿರು. ಕೆಂಪು ಬಣ್ಣದ್ದು ಮನೆಗೆ ಬರಲೇಕೂಡದು. ಹಳೆಯ ಡೈಕ್ಲೋರ್ವಾಸ್ ಬಾಟಲಿ ಅಟ್ಟದ ಮೇಲಿದ್ದರೆ ಬಳಸಬೇಡಿ, 2020ರ ಕೊನೆಗೆ ಅದನ್ನು ದೇಶದಲ್ಲಿ ನಿಷೇಧಿಸಿದ್ದಾರೆ. ತುಳಸಿ, ಕರಿಬೇವು, ದೊಡ್ಡಪತ್ರೆ ಪಕ್ಕದಲ್ಲಿದ್ದರೆ ಆ ಕುಂಡಗಳನ್ನು ದೂರ ಸರಿಸಿ. ಮೂಗಿಗೆ ಮಾಸ್ಕು, ಕೈಗೆ ಗವಸು. ಮಾಡಿದ ದ್ರಾವಣ ಅವತ್ತೇ ಮುಗಿಯಬೇಕು, ನಾಳೆಗೆ ಅಂತ ನೀರಿನ ಬಾಟಲಿಯಲ್ಲಿ ತುಂಬಿಡುವಂತಿಲ್ಲ.

ವಿರೋಧ: ಮನೆಯ ಗಿಡಕ್ಕೆ ಬೇಡ

ಸಂಪಾದಕರು ಫೋನ್ ಮಾಡಿದಾಗ ನಾನು ಪರ ಬರೆಯುತ್ತೇನೆ ಅಂದೆ. ಅದು ಆಗಲೇ ಬೇರೆಯವರಿಗೆ ಹೋಗಿತ್ತು. ಮೈಸೂರಿನಲ್ಲಿ ಸಣ್ಣದೊಂದು ನರ್ಸರಿ ಇಟ್ಟುಕೊಂಡಿದ್ದೇನೆ. ನರ್ಸರಿಯವನು ಔಷಧಿಯ ವಿರುದ್ಧ ಬರೆಯುವುದು ತಮಾಷೆಯೇ. ನಾನೂ ಹೊಡೆಯುತ್ತೇನೆ, ಮುಚ್ಚುಮರೆ ಏನಿಲ್ಲ. ಒತ್ತೊತ್ತಾಗಿ ಜೋಡಿಸಿದ ಗಿಡಗಳಲ್ಲಿ ಒಂದಕ್ಕೆ ಹುಳ ಬಿದ್ದರೆ ಸಾಲಿಗೆ ಸಾಲೇ ಹೋಗುತ್ತದೆ. ಹುಳ ಇರುವ ಗಿಡವನ್ನು ಯಾರೂ ಕೊಳ್ಳುವುದಿಲ್ಲ. ಆದರೆ ಮನೆ ನರ್ಸರಿ ಅಲ್ಲ. ಮನೆಯಲ್ಲಿ ನಾಲ್ಕು ಎಲೆ ತೂತಾದರೆ ಯಾರಿಗೆ ನಷ್ಟ?

ಮೊದಲನೆಯ ಕಾರಣ ಜೇನು. ಗಿಡದ ರಸಕ್ಕೆ ಸೇರುವ ಔಷಧಿ ಎಲೆಯಲ್ಲಷ್ಟೇ ಉಳಿಯುವುದಿಲ್ಲ, ಮಕರಂದಕ್ಕೂ ಪರಾಗಕ್ಕೂ ಹೋಗುತ್ತದೆ. ಸಂಜೆ ಹೊಡೆದರೂ ಬೆಳಿಗ್ಗೆ ಅರಳುವ ಹೂವಿನಲ್ಲಿ ಇರುತ್ತದೆ. ಯುರೋಪಿನ ಒಕ್ಕೂಟ 2018ರಲ್ಲಿ ಇಮಿಡಾಕ್ಲೋಪ್ರಿಡ್ ಸೇರಿ ಮೂರು ಔಷಧಿಗಳನ್ನು ಬಯಲಿನಲ್ಲಿ ಬಳಸಬಾರದು ಅಂತ ನಿಷೇಧಿಸಿದ್ದು ಇದೇ ಕಾರಣಕ್ಕೆ. ನಮ್ಮ ತುಡುವೆ, ಕೋಲುಜೇನು, ಮುಜಂಟಿಗಳೂ ಅದೇ ಹೂವಿಗೆ ಬರುವವು.

ಎರಡನೆಯದು ನಮ್ಮದೇ ಮೈ. ಮಲ್ಲಿಗೆ ನಾವು ನೋಡಿ ಬಿಡುವ ಹೂವಲ್ಲ, ಮುಡಿಯುತ್ತೇವೆ. ದಾಸವಾಳದ ಎಲೆ ಅರೆದು ತಲೆಗೆ ಹಚ್ಚುತ್ತೇವೆ. ಗುಲಾಬಿ ಎಸಳನ್ನು ಗುಲ್ಕನ್ ಮಾಡುತ್ತೇವೆ. ಮಕ್ಕಳು ದಾಸವಾಳದ ಹೂ ಕಿತ್ತು ಬುಡದ ಸಿಹಿ ಹೀರುತ್ತವೆ. ಇದಕ್ಕಿಂತ ಹೆಚ್ಚು ಹೇಳಬೇಕಾ?

ಮೂರನೆಯದು, ಗುಲಾಬಿಯ ಮೈಟ್. ಇದು ನನಗೆ ನಿಜವಾಗಿಯೂ ತಲೆನೋವಾಗಿರುವ ವಿಷಯ. ಪ್ರತಿ ಬೇಸಿಗೆಯಲ್ಲೂ ಒಬ್ಬರು ಗಿರಾಕಿ ಬರುತ್ತಾರೆ. ನಿವೃತ್ತರು, ಗುಲಾಬಿ ಅಂದರೆ ಪ್ರಾಣ. ಪ್ಲಾಸ್ಟಿಕ್ ಕವರಿನಲ್ಲಿ ಎರಡು ಎಲೆ ಹಿಡಿದು ಬರುತ್ತಾರೆ. ಎಲೆಯ ಮೇಲೆಲ್ಲ ಹಳದಿ ಚುಕ್ಕೆ, ತಿರುಗಿಸಿದರೆ ಹಿಂದೆ ಸಣ್ಣ ಬಲೆ. "ಔಷಧಿ ಹೊಡೆದೆ, ಜಾಸ್ತಿಯೇ ಆಯಿತಲ್ಲ" ಅನ್ನುತ್ತಾರೆ. ಏನು ಹೊಡೆದಿರಿ ಅಂದರೆ ಅದೇ ಇಮಿಡಾಕ್ಲೋಪ್ರಿಡ್. ಅಲ್ಲ ಸ್ವಾಮಿ, ಮೈಟ್ ಕೀಟವೇ ಅಲ್ಲ. ಎಂಟು ಕಾಲಿನದು, ಜೇಡದ ನೆಂಟ. ಕೀಟದ ಔಷಧಿ ಅದನ್ನು ಕೊಲ್ಲುವುದಿಲ್ಲ. ಅದನ್ನು ತಿನ್ನುತ್ತಿದ್ದ ಸಣ್ಣಪುಟ್ಟ ಹುಳಗಳನ್ನು ಕೊಲ್ಲುತ್ತದೆ. ಕಾವಲಿಲ್ಲ, ಮೇಲೆ ಒಣ ಬಿಸಿಲು. ಮೈಟಿಗೆ ಇನ್ನೇನು ಬೇಕು? ಗಂಧಕದ ಪುಡಿ ಕಲಸಿ ಹೊಡೆಯಿರಿ ಅಂತ ಇನ್ಯಾರೋ ಹೇಳಿದರಂತೆ, ಹೊಡೆದರು. ಗಂಧಕ ಮೈಟಿಗೆ ಕೆಲಸ ಮಾಡುವುದು ನಿಜ. ಆದರೆ ಏಪ್ರಿಲ್ ಬಿಸಿಲಲ್ಲಿ ಅದು ಎಲೆಯನ್ನೂ ಸುಡುತ್ತದೆ. ಅವರ ಗುಲಾಬಿಯಲ್ಲಿ ಬರೀ ಕಡ್ಡಿ ಉಳಿಯಿತು. ಬೆಳಿಗ್ಗೆ ಎಲೆಯ ಹಿಂಭಾಗಕ್ಕೆ ಜೋರಾಗಿ ನೀರು ಹೊಡೆಯಿರಿ, ಎರಡು ಮೂರು ದಿನಕ್ಕೊಮ್ಮೆ ಮಾಡಿ, ಬಲೆ ಹರಿದು ಮೈಟ್ ಉದುರುತ್ತದೆ ಅಂತ ಹೇಳಿದೆ. ಇಷ್ಟು ಸುಲಭದ್ದನ್ನು ಅವರಿಗೆ ನಂಬಲಾಗಲಿಲ್ಲ. ನನ್ನ ಅಂಗಡಿಯಲ್ಲೇ ಮೈಟಿನ ಔಷಧಿ ಕೊಂಡು ಹೋದರು. ಬೇಡ ಅನ್ನಲು ನಾನ್ಯಾರು, ಅಲ್ವಾ?

ಔಷಧಿ ಹೊಡೆಯುವವರ ಕಷ್ಟವೇ ಇದು. ಸ್ಪ್ರೇಯರ್ ಕೈಗೆ ಬಂದರೆ ಬೆನ್ನಿಗೆ ಬಂದೂಕು ಸಿಕ್ಕಿದಷ್ಟು ಹುರುಪು. ಕಣಗಿಲೆಯ ಮೇಲೆ ಹುಳ ಕಂಡರೆ ಹೊಡೆ. ಅದು ಚಿಟ್ಟೆಯ ಮರಿ ಅಂತ ಯಾರು ನೋಡುತ್ತಾರೆ? ನಂದಿಬಟ್ಟಲಿನ ದಪ್ಪ ಹಸಿರು ಹುಳ ನಾಲ್ಕು ಎಲೆ ತಿಂದು ಮಣ್ಣಿಗಿಳಿಯುತ್ತದೆ, ಗಿಡ ಮತ್ತೆ ಚಿಗುರುತ್ತದೆ.

ಹಿಟ್ಟು ತಿಗಣೆಗೂ ಶತ್ರುಗಳಿವೆ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ತಿಗಣೆ ಕಾಣಿಸಿಕೊಂಡು ಪಪ್ಪಾಯಿ, ಹಿಪ್ಪುನೇರಳೆ, ದಾಸವಾಳ ಎಲ್ಲವನ್ನೂ ಮುಕ್ಕಿತು. ಔಷಧಿಗೆ ಬಗ್ಗಲಿಲ್ಲ. 2010ರಲ್ಲಿ ಪೋರ್ಟೊ ರಿಕೊದಿಂದ ಸಣ್ಣ ಕಣಜದ ಹುಳಗಳನ್ನು ತಂದು ಬೆಂಗಳೂರಿನ ಹೆಬ್ಬಾಳದ ಕೀಟ ಸಂಸ್ಥೆಯಲ್ಲಿ ಸಾಕಿ ಬಿಟ್ಟರು, ಹಾವಳಿ ಇಳಿಯಿತು. ಆಸ್ಟ್ರೇಲಿಯಾದಿಂದ 1898ರಲ್ಲೇ ಬಂದ ಗುಲಗಂಜಿ ಹುಳವೊಂದಿದೆ, ಅದೂ ತಿಗಣೆಯನ್ನೇ ತಿನ್ನುತ್ತದೆ. ಅದರ ಮರಿಯ ಮೈಮೇಲೂ ಬಿಳಿ ಮೇಣ. ಜನ ಅದನ್ನು ದೊಡ್ಡ ತಿಗಣೆ ಅಂದುಕೊಂಡು ಮೊದಲು ಅದಕ್ಕೇ ಹೊಡೆಯುತ್ತಾರೆ. ಮುಟ್ಟಿ ನೋಡಿ, ಸರಸರ ಓಡಿದರೆ ಅದು ನಿಮ್ಮ ಕಡೆಯದು.

ಹಾಗಾದರೆ ಮನೆಯವರು ಮಾಡಬೇಕಾದದ್ದು ಏನು? ತಿಗಣೆ ಕಂಡ ಚಿಗುರನ್ನು ಕತ್ತರಿಸಿ ಕವರಿಗೆ ಹಾಕಿ ಬಾಯಿ ಕಟ್ಟಿ. ಇರುವೆಯ ದಾರಿ ಮುಚ್ಚಿ, ಕುಂಡದ ಕಾಲು ನೀರಿನ ತಟ್ಟೆಯಲ್ಲಿರಲಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರ ಬೇವಿನ ಸೋಪು, ಹೊಂಗೆ ಸೋಪು ಸಿಗುತ್ತದೆ, ಸಂಜೆ ಹೊಡೆಯಿರಿ. ಗಿಡಕ್ಕೆ ಮಧ್ಯಾಹ್ನದ ನೆರಳು ಕೊಡಿ. ಬಾಡಿದ ಗಿಡಕ್ಕೇ ಹುಳ ಬೇಗ ಹತ್ತುವುದು.

ಇಷ್ಟೆಲ್ಲ ಮಾಡಿಯೂ ಗುಲಾಬಿಯ ಮೊಗ್ಗಿಗೆ ಥ್ರಿಪ್ಸ್ ಹೊಕ್ಕರೆ? ಎಸಳೆಲ್ಲ ಕಂದಿ ಮುದುಡಿಕೊಂಡರೆ? ಆಗ ಏನು ಮಾಡಬೇಕು ಅಂತ ಕೇಳಬೇಡಿ, ನಾನು ವಿರೋಧ ಬರೆಯಲು ಒಪ್ಪಿಕೊಂಡವನು. ಅಂಗಡಿಗೆ ಬನ್ನಿ, ಅಲ್ಲಿ ಮಾತಾಡೋಣ.